ಪ್ರಾಚೀನ ರೋಮಿನ ಪಕ್ಷಿಗೃಹ ಮತ್ತು ಲಾವುಗೆಯ ಸಾಕಣೆ

ಭೂಹಿಡುವಳಿ, ಕಂದಾಯ, ಬೆಳೆ ಇವುಗಳ ಚರಿತ್ರೆಗೆ ದೊರೆತಷ್ಟು ಗಮನ ಸಾಕುಪ್ರಾಣಿಗಳ ವಸತಿಯ ಚರಿತ್ರೆಗೆ ದೊರೆತಿಲ್ಲ. ಆದರೆ ಒಂದು ಪ್ರಾಣಿಗಾಗಿ ಕಟ್ಟಿದ ಮನೆಯನ್ನು ಪರಿಶೀಲಿಸಿದರೆ, ಕಟ್ಟಿಸಿದವನು ಆ ಪ್ರಾಣಿಯಿಂದ ಏನನ್ನು ಅಪೇಕ್ಷಿಸಿದನೆಂಬುದು ಗೋಡೆ ಬಾಗಿಲುಗಳಿಂದಲೇ ತಿಳಿದುಬರುತ್ತದೆ. ಲಾವುಗೆ, ಅಂದರೆ ಗೌಜಲಹಕ್ಕಿಯನ್ನು ಕೊಬ್ಬಿಸಲು ರೋಮನರು ಬಳಸಿದ ಪಕ್ಷಿಗೃಹವನ್ನು ಈ ದೃಷ್ಟಿಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಮುಖ್ಯ ಆಧಾರ ಮಾರ್ಕಸ್ ಟೆರೆಂಟಿಯಸ್ ವಾರೋ (ಕ್ರಿ. ಪೂ. ೧೧೬–೨೭) ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ಕ್ರಿ. ಪೂ. ೩೭ರಲ್ಲಿ, ರಚಿಸಿದ ಕೃಷಿಗ್ರಂಥದ ಮೂರನೆಯ ಭಾಗ. ವಾರೋ ಪಕ್ಷಿಗೃಹಗಳನ್ನು ವಿನೋದಕ್ಕಾಗಿ ಕಟ್ಟಿದವು, ಲಾಭಕ್ಕಾಗಿ ಕಟ್ಟಿದವು ಎಂದು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ಕಸೀನಮ್‌ನಲ್ಲಿದ್ದ ಅವನ ಸ್ವಂತ ಪಕ್ಷಿಗೃಹ ಮೊದಲನೆಯ ಬಗೆಯದು. ನಮಗೆ ಇಲ್ಲಿ ಬೇಕಾದುದು ಎರಡನೆಯದು. ಅದರಲ್ಲಿ ಥ್ರಷ್ ಎಂಬ ಸಿಳ್ಳಾರ ಜಾತಿಯ ಹಕ್ಕಿಗಳನ್ನು ಸಾವಿರಗಟ್ಟಲೆ ಕೂಡಿಹಾಕುತ್ತಿದ್ದರು. ಕೊಬ್ಬಿದಾಗ ದುಬಾರಿ ಬೆಲೆಗೆ ಮಾರಾಟವಾಗುತ್ತಿದ್ದ ಲಾವುಗೆಗಳನ್ನೂ ಕೆಲವರು ಅವುಗಳೊಡನೆ ಸೇರಿಸುತ್ತಿದ್ದರು.

ಲಾವುಗೆ ವಲಸೆಯ ಹಕ್ಕಿ. ಅದು ಅಪಾರ ಸಂಖ್ಯೆಯಲ್ಲಿ ಸಮುದ್ರ ದಾಟಿ ಬರುವಾಗಲೂ ಮರಳುವಾಗಲೂ ಪೊಂಟಿಯೆ, ಪಲ್ಮಾರಿಯ, ಪಂಡಟೇರಿಯ ದ್ವೀಪಗಳಲ್ಲಿ ಕೆಲವು ದಿನ ವಿಶ್ರಮಿಸುತ್ತದೆಂದು ವಾರೋನೇ ತಿಳಿಸುತ್ತಾನೆ. ಎಂದರೆ ಪಕ್ಷಿಗೃಹವನ್ನು ಸೇರುತ್ತಿದ್ದ ಲಾವುಗೆ ಬಹುಮಟ್ಟಿಗೆ ಆಕಾಶವನ್ನು ಕಂಡುಬಂದ ಹಕ್ಕಿಯೆಂದು ಭಾವಿಸಬಹುದು. ಕಟ್ಟಡದ ರಚನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಗೃಹಕ್ಕೆ ಹೆಂಚಿನ ಮಾಡು ಅಥವಾ ಬಲೆಯ ಹೊದಿಕೆ. ನೀರು ಕೊಳವೆಯಲ್ಲಿ ಬಂದು, ಸುಲಭವಾಗಿ ಒರೆಸಬಹುದಾದ ಕಿರುಗಾಲುವೆಗಳಲ್ಲಿ ಹರಿಯಬೇಕು. ಅಗಲವಾಗಿ ಹರಡಿದ ನೀರು ಬೇಗ ಮಲಿನವಾಗುತ್ತದೆ. ಹಕ್ಕಿಗಳು ಕೆಸರಿನಿಂದ ಬಳಲದಂತೆ ಹೆಚ್ಚಿನ ನೀರು ಹೊರಕ್ಕೆ ಹೋಗಬೇಕು. ಬಾಗಿಲು ತಗ್ಗಾಗಿಯೂ ಕಿರಿದಾಗಿಯೂ ಇರಬೇಕು. ಇಲಿ ಮೊದಲಾದವು ನುಸುಳದಂತೆ ಬಾಗಿಲು ಕಿಟಕಿಗಳ ಸುತ್ತ ನುಣುಪಾದ ಗಾರೆ ಬಳಿಯಬೇಕು. ಒಳಗೆ ನಾಟಕಶಾಲೆಯ ಆಸನಗಳಂತೆ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಅಡ್ಡಗಳುಗಳಿರಬೇಕು. ಅಂಜೂರ ಮತ್ತು ಹಿಟ್ಟನ್ನು ಕಲಸಿದ ಉಂಡೆಗಳೇ ಆಹಾರ.

ಇವೆಲ್ಲವೂ ಇಂದಿಗೂ ಒಪ್ಪತಕ್ಕ ವಿಧಿಗಳು. ಆದರೆ ಕಿಟಕಿಗಳನ್ನು ಕುರಿತ ವಿಧಿ ಬೇರೆ ಬಗೆಯದು. ಕಿಟಕಿಗಳು ವಿರಳವಾಗಿರಬೇಕು, ಅವುಗಳ ಮೂಲಕ ಹೊರಗಿನ ಮರಗಳಾಗಲಿ ಹಕ್ಕಿಗಳಾಗಲಿ ಕಾಣಬಾರದು. ಕಂಡರೆ ಹಂಬಲದಿಂದ ಒಳಗಿನ ಹಕ್ಕಿಗಳು ಸೊರಗುತ್ತವೆ. ಕೂರುವ ಎಡೆ, ಆಹಾರ, ನೀರು ಕಾಣುವಷ್ಟು ಬೆಳಕು ಸಾಕು. ಕೊಲ್ಲತಕ್ಕ ಹಕ್ಕಿಗಳನ್ನು ಪಕ್ಕದ ಚಿಕ್ಕ ಕೋಣೆಗೆ ಬಿಡಬೇಕು; ಉಳಿದವು ಆ ದೃಶ್ಯವನ್ನು ಕಂಡರೆ ಎದೆಗುಂದಿ, ಮಾರುವವನಿಗೆ ಅನುಕೂಲವಲ್ಲದ ಕಾಲದಲ್ಲಿ ಸಾಯುತ್ತವೆ. ಹಕ್ಕಿಗೆ ಹಂಬಲವೂ ಭಯವೂ ಉಂಟೆಂಬುದನ್ನು ರೋಮನರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಆ ಅರಿವು ಕರುಣೆಯಾಗದೆ ವಾಸ್ತುವಿಧಿಯಾಯಿತು.

ಕಟ್ಟಡದ ಕಟ್ಟುಪಾಡು ಹಕ್ಕಿಗೆ ಮಾತ್ರ ಸೀಮಿತವಾಗಿರಲಿಲ್ಲ. ತಾನಾಗಿ ಸತ್ತ ಹಕ್ಕಿಗಳನ್ನು ಮೇಲ್ವಿಚಾರಕನು ಅಲ್ಲಿಯೇ ಇರಿಸಿ ಒಡೆಯನಿಗೆ ಲೆಕ್ಕ ಒಪ್ಪಿಸಬೇಕಾಗಿತ್ತು. ಈ ಕಟ್ಟುನಿಟ್ಟಿಗೆ ಕಾರಣ ಆದಾಯದ ಪ್ರಮಾಣ. ಸಲಾರಿಯ ರಸ್ತೆಯ ೨೪ನೆಯ ಮೈಲಿಯಲ್ಲಿದ್ದ ಒಂದು ಪಕ್ಷಿಗೃಹದಿಂದ ಒಂದೇ ವರ್ಷ ೫,೦೦೦ ಥ್ರಷ್‌ಗಳು ತಲಾ ೩ ದೆನಾರಿಯಸ್‌ನಂತೆ ಮಾರಾಟವಾಗಿ ೬೦,೦೦೦ ಸೆಸ್ಟರ್ಸ್ ಬಂದಿತು. ಇದು ರಿಯಾಟೆಯಲ್ಲಿದ್ದ ೨೦೦ ಯೂಗೆರ, ಅಂದರೆ ಸುಮಾರು ೧೨೫ ಎಕರೆ, ಜಮೀನಿನ ಉತ್ಪನ್ನಕ್ಕೆ ಇಮ್ಮಡಿ. ಆದರೆ ಅಂಥ ಲಾಭಕ್ಕೆ ವಿಜಯೋತ್ಸವವೋ ಸಂಘಗಳ ಔತಣವೋ ಒದಗಬೇಕೆಂದು ವಾರೋ ಸೂಚಿಸುತ್ತಾನೆ. ರಾಜಧಾನಿಯ ಭೋಜನಶಾಲೆಯೇ ಹಳ್ಳಿಯ ಕಟ್ಟಡದ ರೂಪವನ್ನು ನಿರ್ಧರಿಸಿತೆನ್ನಲು ಇಷ್ಟು ಸಾಕು.

ಈ ಗೃಹ ಲಾವುಗೆಗೆ ಎಷ್ಟರಮಟ್ಟಿಗೆ ಯೋಗ್ಯವಾಗಿತ್ತು? ಲಾವುಗೆ ನೆಲದ ಹಕ್ಕಿ. ಹುಲ್ಲಿನ ಮರೆಯಲ್ಲಿ ಓಡಾಡುವುದು, ನೆಲದಲ್ಲಿಯೇ ಗೂಡು ಮಾಡುವುದು ಅದರ ಸ್ವಭಾವ. ಶ್ರಮಪಟ್ಟು ಕಟ್ಟಿದ ಅಡ್ಡಗಳುಗಳಿಂದ ಅದಕ್ಕೆ ಪ್ರಯೋಜನವಿಲ್ಲ. ಮೇಲೆ ಕೂತ ಹಕ್ಕಿಗಳ ಹಿಕ್ಕೆ ಕೆಳಗಿನವುಗಳ ಪಾಲಿಗೆ ಬರುವುದೂ ಸಹಜ. ಕ್ರಿ. ಶ. ಒಂದನೆಯ ಶತಮಾನದ ಕೊಲುಮೆಲ್ಲ, ಅಡ್ಡಗಳುಗಳಿಲ್ಲದ ಕಡೆ ಆಹಾರವಿಟ್ಟರೆ ಅದು ಶುಚಿಯಾಗಿರುತ್ತದೆಂದು ವಿಧಿಸಿದನು. ಇದರಿಂದ ಆಹಾರ ಶುಚಿಯಾಯಿತೇ ಹೊರತು ನೆಲದ ಹಕ್ಕಿಗೆ ತಕ್ಕ ಮನೆಯಾಗಲಿಲ್ಲ. ಲಾವುಗೆ ಅಲ್ಲಿ ಥ್ರಷ್‌ನ ಮನೆಯ ಒಕ್ಕಲಾಗಿಯೇ ಉಳಿಯಿತು.

ಇಂದು ಸಾಕಣೆಯಲ್ಲಿರುವುದು ಬಹುತೇಕ ಜಪಾನೀ ಲಾವುಗೆ. ಅದು ಬಂಧನದಲ್ಲಿಯೇ ಮೊಟ್ಟೆಯೊಡೆದು ಹೊರಬರುವುದರಿಂದ ಮರಗಳನ್ನು ಮರೆಮಾಡುವ ಅಗತ್ಯ ಈಗಿಲ್ಲ. ಆದರೂ ಯೋಗ್ಯವಾದ ವಸತಿ ಎಂದಾಗ ಅದು ಯಾರಿಗೆ ಯೋಗ್ಯವೆಂಬ ಪ್ರಶ್ನೆ ವಾರೋನ ಕಾಲದಂತೆಯೇ ಉಳಿದಿದೆ. ರೋಮಿನ ಪಕ್ಷಿಗೃಹ ನೀಡಿದ ಉತ್ತರ ಸ್ಪಷ್ಟವಾಗಿತ್ತು: ಮೊದಲು ಪೇಟೆಗೆ, ಅನಂತರ ಒಡೆಯನ ಲೆಕ್ಕಕ್ಕೆ, ಕಟ್ಟಕಡೆಗೆ ಹಕ್ಕಿಗೆ.