ಅಲೀಗಢದಲ್ಲಿ ಆನೆ ಗೆದ್ದ ವರ್ಷ

1962ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಚುನಾವಣೆ ನಡೆಯಿತು. ವಿಧಾನಸಭೆಯ 430 ಸ್ಥಾನಗಳಲ್ಲಿ 249ನ್ನು ಗೆದ್ದು ಕಾಂಗ್ರೆಸ್ ಮತ್ತೆ ಸರಕಾರ ರಚಿಸಿತು. ಆದ್ದರಿಂದ ಆ ಚುನಾವಣೆಯನ್ನು ಯಾರೂ ವಿಶೇಷವಾಗಿ ನೆನಪಿಟ್ಟುಕೊಂಡಿಲ್ಲ. ಆದರೆ ಬೀಗಗಳಿಗೂ ವಿಶ್ವವಿದ್ಯಾಲಯಕ್ಕೂ ಹೆಸರಾದ ಅಲೀಗಢದಲ್ಲಿ ಅಂದು ನಡೆದದ್ದು ಸಾಮಾನ್ಯ ಸಂಗತಿಯಲ್ಲ. ಅಲ್ಲಿನ ಲೋಕಸಭಾ ಸ್ಥಾನವನ್ನು ರಿಪಬ್ಲಿಕನ್ ಪಕ್ಷದ ಬಿ.ಪಿ. ಮೌರ್ಯ ಗೆದ್ದರು. ಅವರು ದಲಿತರು, ಕ್ಷೇತ್ರ ಮೀಸಲು ಕ್ಷೇತ್ರವಲ್ಲ. ನಗರದ ವಿಧಾನಸಭಾ ಸ್ಥಾನ ಅದೇ ಪಕ್ಷದ ಮುಸ್ಲಿಂ ಅಭ್ಯರ್ಥಿಯ ಪಾಲಾಯಿತು. ಮುರಾದಾಬಾದಿನ ಲೋಕಸಭಾ ಸ್ಥಾನವನ್ನೂ ಅದೇ ಆನೆ ಗುರುತಿನ ಮೇಲೆ ಮುಝಫ್ಫರ್ ಹುಸೇನ್ ಗೆದ್ದರು. ದಲಿತನಿಗೆ ಮುಸ್ಲಿಮರ ಮತ, ಮುಸ್ಲಿಮನಿಗೆ ದಲಿತರ ಮತ. ನಮ್ಮ ಸಭೆಗಳಲ್ಲಿ ‘ದಲಿತ-ಮುಸ್ಲಿಂ ಐಕ್ಯ’ ಎಂದು ಇಂದಿಗೂ ಭಾಷಣಕ್ಕೆ ಬಳಸುವ ಮಾತು ಅಂದು ಮತಪೆಟ್ಟಿಗೆಯಲ್ಲಿ ನಿಜವಾಗಿತ್ತು.

ಅದು ಹೇಗೆ ನಿಜವಾಯಿತು, ಯಾಕೆ ನಿಲ್ಲಲಿಲ್ಲ ಎಂಬ ಪ್ರಶ್ನೆ ಹಳೆಯದಾದರೂ ಉತ್ತರ ಹಳತಾಗಿಲ್ಲ.

ಸ್ವಾತಂತ್ರ್ಯಾನಂತರದ ಉತ್ತರ ಪ್ರದೇಶದಲ್ಲಿ ದಲಿತರ ಮತವೆಂದರೆ ಕಾಂಗ್ರೆಸ್ಸಿನ ಮನೆಯ ಕಣಜದಲ್ಲಿಟ್ಟ ಕಾಳಿನಂತೆ. ಒಂದು ತುದಿಯಲ್ಲಿ ಬ್ರಾಹ್ಮಣ, ಠಾಕೂರ ನಾಯಕರು, ಇನ್ನೊಂದು ತುದಿಯಲ್ಲಿ ದಲಿತರು ಮತ್ತು ಮುಸ್ಲಿಮರು. ಇದೇ ಆ ಪಕ್ಷದ ಬಲದ ಗುಟ್ಟು. ಮೇಲಿನವರಿಗೆ ಅಧಿಕಾರ, ಕೆಳಗಿನವರಿಗೆ ರಕ್ಷಣೆಯ ಭರವಸೆ. ಈ ಲೆಕ್ಕದಿಂದ ಮೊದಲು ಹೊರಗೆ ಕಾಲಿಟ್ಟವರು ಆಗ್ರಾ, ಅಲೀಗಢ ಭಾಗದ ಜಾಟವರು. ಆಗ್ರಾದ ಚರ್ಮ ಮತ್ತು ಚಪ್ಪಲಿ ಉದ್ಯಮ ಅವರ ಕೈಯಲ್ಲಿ ನಾಲ್ಕು ಕಾಸು ಉಳಿಯುವಂತೆ ಮಾಡಿತ್ತು. ಜಮೀನ್ದಾರನ ಹೊಲದ ಮೇಲೆ ಅವಲಂಬಿಸದೆ ಬದುಕುವ ಒಂದು ವರ್ಗ ಅಲ್ಲಿ ಹುಟ್ಟಿತು. ಶಾಲೆ ಬಂತು, ಜಾತಿ ಸಭೆ ಬಂತು, ನಂತರ ಅಂಬೇಡ್ಕರ್ ಬಂದರು. 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಅವರು ಮಾಡಿದ ಭಾಷಣವನ್ನು ಅಲ್ಲಿನವರು ಪೀಳಿಗೆಯಿಂದ ಪೀಳಿಗೆಗೆ ಹೇಳಿಕೊಂಡು ಬಂದಿದ್ದಾರೆ. ಆನೆ ಅವರ ಪರಿಶಿಷ್ಟ ಜಾತಿ ಫೆಡರೇಶನ್ನಿನ ಗುರುತಾಗಿತ್ತು. 1957ರಲ್ಲಿ ರಿಪಬ್ಲಿಕನ್ ಪಕ್ಷ ಹುಟ್ಟಿದಾಗ ಆನೆ ಅದಕ್ಕೆ ಬಂತು.

ಇನ್ನು ಮುಸ್ಲಿಮರ ಕಡೆ ನೋಡಿ. 1961ರ ಅಕ್ಟೋಬರಿನಲ್ಲಿ ಅಲೀಗಢ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಚುನಾವಣೆಯ ಜಗಳ ನಗರಕ್ಕೆ ಇಳಿದು ಕೋಮುಗಲಭೆಯಾಯಿತು. ಕಿಚ್ಚು ಪಶ್ಚಿಮ ಜಿಲ್ಲೆಗಳ ಇತರ ಪಟ್ಟಣಗಳಿಗೂ ಹಬ್ಬಿತು. ಅದೇ ವರ್ಷದ ಆರಂಭದಲ್ಲಿ ಜಬಲ್ಪುರ ಹೊತ್ತಿ ಉರಿದಿತ್ತು. ವಿಭಜನೆಯ ನಂತರ ಕಣ್ಣುಮುಚ್ಚಿ ಕಾಂಗ್ರೆಸ್ಸಿಗೆ ಮತ ಹಾಕಿದ್ದ ಮುಸ್ಲಿಮರಿಗೆ ಅದೇ ಪಕ್ಷದ ಸರಕಾರ ತಮ್ಮನ್ನು ಕಾಪಾಡಲಿಲ್ಲ ಎಂಬ ಕಹಿ. ಚುನಾವಣೆಗೆ ನಾಲ್ಕೇ ತಿಂಗಳು ಉಳಿದಿತ್ತು.

ಆ ನಾಲ್ಕು ತಿಂಗಳಲ್ಲಿ ಮೌರ್ಯ ಮಾಡಿದ್ದನ್ನು ಇಂದಿನ ಭಾಷೆಯಲ್ಲಿ ‘ಮೈತ್ರಿ’ ಎನ್ನಲಾಗದು. ಅವರು ಕಾನೂನು ಓದಿದವರು, ಬೌದ್ಧ ಧರ್ಮ ಸ್ವೀಕರಿಸಿದ್ದವರು, ಮಾತಿನಲ್ಲಿ ಬೆಂಕಿ. ಇತ್ತ ಜಾಟವರ ಬಸ್ತಿ, ಅತ್ತ ಮುಸ್ಲಿಂ ಮೊಹಲ್ಲಾ. ಎರಡೂ ಕಡೆ ಕಾಂಗ್ರೆಸ್ಸಿನ ಮೇಲೆ ಸಿಟ್ಟಿತ್ತು, ಎರಡೂ ಕಡೆ ಮೇಲ್ಜಾತಿಗಳ ದರ್ಬಾರಿನ ಅನುಭವವಿತ್ತು. ‘ಜಾಟವ ಮುಸ್ಲಿಂ ಭಾಯಿ ಭಾಯಿ, ಹಿಂದೂ ಕೌಮ್ ಕಹಾಂ ಸೇ ಆಯಿ’ ಎಂಬ ಘೋಷಣೆ ಎದ್ದಿತು. ಜಾಟವರೂ ಮುಸ್ಲಿಮರೂ ಅಣ್ಣತಮ್ಮಂದಿರು, ಹಿಂದೂಗಳು ಎಲ್ಲಿಂದ ಬಂದವರು ಎಂದು ಅರ್ಥ. ಈ ಘೋಷಣೆಯನ್ನು ಮೆಚ್ಚಿ ಬರೆದವರಿದ್ದಾರೆ. ನನಗೆ ಅದರ ಎರಡನೇ ಸಾಲು ಇಷ್ಟವಿಲ್ಲ. ಒಬ್ಬರನ್ನು ಹೊರಗಿಟ್ಟು ಇನ್ನಿಬ್ಬರು ಅಣ್ಣತಮ್ಮಂದಿರಾಗುವುದು ಸುಲಭ, ಅಂಥ ನೆಂಟಸ್ತಿಕೆ ಬಾಳುವುದು ಕಷ್ಟ. ಆದರೆ ಗಲಭೆಯ ಹೊಗೆ ಆರದ ಊರಿನಲ್ಲಿ ಅದು ಹುಟ್ಟಿತೆಂಬುದನ್ನೂ ಮರೆಯಬಾರದು.

ರಿಪಬ್ಲಿಕನ್ ಪಕ್ಷಕ್ಕೆ ಆ ಸಲ ಉತ್ತರ ಪ್ರದೇಶದಿಂದ ಮೂರು ಲೋಕಸಭಾ ಸ್ಥಾನ, ಎಂಟು ವಿಧಾನಸಭಾ ಸ್ಥಾನ ಸಿಕ್ಕಿತು. ಸಂಖ್ಯೆ ಸಣ್ಣದೇ. ಆದರೆ ಆ ಗೆಲುವಿನ ಒಳಗೆ ಎರಡು ಬೇರೆ ಬೇರೆ ಜಗಳಗಳಿದ್ದವು. ಪಟ್ಟಣದ ಮುಸ್ಲಿಮನ ಜಗಳ ಪ್ರಾಣ, ಮನೆ, ಅಂಗಡಿಗಳ ಸುರಕ್ಷತೆಗಾಗಿ. ಹಳ್ಳಿಯ ದಲಿತನ ಜಗಳ ಕೂಲಿ, ಗೇಣುದ್ದ ಭೂಮಿ ಮತ್ತು ಮತಗಟ್ಟೆಯವರೆಗೆ ನಡೆದು ಹೋಗುವ ಹಕ್ಕಿಗಾಗಿ. ಪಶ್ಚಿಮ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಭೂಮಾಲೀಕರ ಲಾಠಿ ದಾಟಿ ದಲಿತರು ಮತಗಟ್ಟೆ ತಲುಪುವುದೇ ಸಾಧ್ಯವಿರಲಿಲ್ಲ. ದಲಿತರ ಬೆಂಬಲ ಗಳಿಸುವುದು ಎಂದು ನಾವು ಸಲೀಸಾಗಿ ಹೇಳುತ್ತೇವೆ. ಚಲಾಯಿಸಲಾಗದ ಮತವನ್ನು ಗಳಿಸಿ ಪ್ರಯೋಜನವೇನು?

ಎರಡು ಜಗಳಗಳು 1962ರಲ್ಲಿ ಒಂದು ದಿನದ ಮಟ್ಟಿಗೆ ಕೂಡಿದವು, ನಂತರ ತಮ್ಮ ತಮ್ಮ ದಾರಿ ಹಿಡಿದವು. 1964ನ್ನು ತೆಗೆದುಕೊಳ್ಳಿ. ಆಗಸ್ಟಿನಲ್ಲಿ ಲಕ್ನೋದಲ್ಲಿ ಮುಸ್ಲಿಂ ಮಜ್ಲಿಸೆ ಮುಶಾವರತ್ ಹುಟ್ಟಿತು. ಗಲಭೆಗಳಿಂದ ರಕ್ಷಣೆ, ಉರ್ದು, ವೈಯಕ್ತಿಕ ಕಾನೂನು ಅದರ ಕಾಳಜಿಗಳು. ಡಿಸೆಂಬರ್ 6ರಂದು, ಅಂಬೇಡ್ಕರರ ಪರಿನಿರ್ವಾಣ ದಿನ, ರಿಪಬ್ಲಿಕನ್ ಪಕ್ಷ ದೇಶವ್ಯಾಪಿ ಭೂ ಸತ್ಯಾಗ್ರಹ ಆರಂಭಿಸಿತು. ಭೂಹೀನರಿಗೆ ಸರಕಾರಿ ಭೂಮಿ, ಕನಿಷ್ಠ ಕೂಲಿ, ಬೌದ್ಧರಾದ ದಲಿತರಿಗೂ ಪರಿಶಿಷ್ಟರ ಸೌಲಭ್ಯ ಅದರ ಬೇಡಿಕೆಗಳಲ್ಲಿ ಸೇರಿದ್ದವು. ಸಹಸ್ರಾರು ಜನ ಜೈಲು ತುಂಬಿದರು. ಈ ಎರಡು ಬೇಡಿಕೆ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ, ಎರಡೇ ವರ್ಷದ ಹಿಂದೆ ಒಂದೇ ಗುರುತಿಗೆ ಮತ ಹಾಕಿದ್ದ ಜನರ ಪಟ್ಟಿಗಳು ಇವು ಎಂದು ನಂಬಲು ಕಷ್ಟ. ಭೂಮಿಯ ಪ್ರಶ್ನೆ ಮುಸ್ಲಿಮರಿಗೂ ಇತ್ತು. ನೇಕಾರ, ಕಸಾಯಿ, ಕೂಲಿಕಾರ ಮುಸ್ಲಿಮರಿಗೆ ಎಲ್ಲಿಯ ಭೂಮಿ? ಆದರೆ ಮುಂದಾಳುಗಳು ಹೆಚ್ಚಾಗಿ ಜಮೀನು ಕಂಡ ಮನೆತನಗಳವರು. ಡಾ. ಎ.ಜೆ. ಫರೀದಿ ಅವರು 1968ರಲ್ಲಿ ಮುಸ್ಲಿಂ ಮಜ್ಲಿಸ್ ಕಟ್ಟಿ ದಲಿತರನ್ನೂ ಹಿಂದುಳಿದವರನ್ನೂ ಜೊತೆಗೆ ತರಲು ಯತ್ನಿಸಿದರು. ಆ ಯತ್ನ ದೂರ ಸಾಗಲಿಲ್ಲ.

1967ರಲ್ಲಿ ಮೌರ್ಯ ಅಲೀಗಢದಲ್ಲಿ ಸೋತರು. 1971ರ ಹೊತ್ತಿಗೆ ಅವರು ಕಾಂಗ್ರೆಸ್ಸಿನಲ್ಲಿದ್ದರು, ಹಾಪುರದಿಂದ ಗೆದ್ದರು, ಮುಂದೆ ಇಂದಿರಾ ಸರಕಾರದಲ್ಲಿ ಮಂತ್ರಿಯಾದರು. ಯಾವ ಕಣಜವನ್ನು ಒಡೆದು ಹೊರಬಂದಿದ್ದರೋ ಅದೇ ಕಣಜಕ್ಕೆ ಮರಳಿದರು. ಅವರೊಬ್ಬರನ್ನೇ ದೂರಲಾಗದು, ಗೆದ್ದ ಜಾಗದಲ್ಲಿ ನಿಂತುಕೊಳ್ಳುವಂಥ ಸಂಘಟನೆ ಅವರ ಕಾಲಡಿ ಇರಲಿಲ್ಲ. ಮುರಾದಾಬಾದಿನ ಕಥೆ ಇದಕ್ಕಿಂತ ನೋವಿನದು. 1980ರ ಆಗಸ್ಟ್ 13, ಈದ್ ದಿನ, ಅಲ್ಲಿನ ಈದ್ಗಾದಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದದ್ದು ನಮಗೆಲ್ಲ ನೆನಪಿದೆ. ಅದಕ್ಕೆ ಕೆಲವೇ ದಿನಗಳ ಮೊದಲು ದಲಿತ ಕುಟುಂಬವೊಂದರ ಮದುವೆ ಮೆರವಣಿಗೆಯ ವಿಷಯದಲ್ಲಿ ದಲಿತರಿಗೂ ಮುಸ್ಲಿಮರಿಗೂ ಘರ್ಷಣೆಯಾಗಿತ್ತು ಎಂಬುದನ್ನು ನಾವು ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ. ಆನೆಯ ಮೇಲೆ ಮುಸ್ಲಿಂ ಸಂಸದನನ್ನು ಕಳುಹಿಸಿದ ಊರಿಗೆ ಹದಿನೆಂಟೇ ವರ್ಷಗಳಲ್ಲಿ ಈ ಗತಿ ಬಂತು.

ಆ ಹೊತ್ತಿಗೆ ಪುಣೆಯಲ್ಲಿ ರಕ್ಷಣಾ ಇಲಾಖೆಯ ಪ್ರಯೋಗಾಲಯದ ಕೆಲಸ ಬಿಟ್ಟ ಪಂಜಾಬಿನ ಕಾನ್ಶಿರಾಮ್ ಊರೂರು ಸುತ್ತುತ್ತಿದ್ದರು. ಅವರ ದಾರಿ ಮೌರ್ಯರ ದಾರಿಗೆ ತದ್ವಿರುದ್ಧ. ಮೊದಲು ಸರಕಾರಿ ನೌಕರರ ಬಾಮ್‌ಸೆಫ್, 1978ರಲ್ಲಿ. ಆಮೇಲೆ 1981ರಲ್ಲಿ ಡಿಎಸ್-4, ಸೈಕಲ್ ಯಾತ್ರೆಗಳು. ಪಕ್ಷವೆಂಬುದು ಕೊನೆಗೆ, 1984ರ ಏಪ್ರಿಲ್ 14ರಂದು. ಗುಮಾಸ್ತರು, ಶಿಕ್ಷಕರು, ಅಂಚೆ ನೌಕರರು ಸಂಬಳದಿಂದ ಕೊಟ್ಟ ಹಣದಲ್ಲಿ ಬೆಳೆದ ಪಕ್ಷ ಅದು. ಮೊದಲ ಚುನಾವಣೆ ಸೋಲಲು, ಎರಡನೆಯದು ಸೋಲಿಸಲು, ಮೂರನೆಯದು ಗೆಲ್ಲಲು ಎನ್ನುತ್ತಿದ್ದರು. 1989ರಲ್ಲಿ 13 ಶಾಸಕರು ಬಂದರು. ಆನೆ ಮತ್ತೆ ಎದ್ದಿತು. ಈ ಸಲ ಅದಕ್ಕೆ ಸ್ವಂತ ಕಾಲುಗಳಿದ್ದವು. ಮತಗಟ್ಟೆಯಲ್ಲಿ ಕುಳಿತುಕೊಳ್ಳುವ ಸ್ವಂತ ಏಜೆಂಟರಿದ್ದರು. ಟಿ.ಎನ್. ಶೇಷನ್ ಕಾಲದ ಬಿಗಿಯೂ ಮುಂದಿನ ದಶಕದಲ್ಲಿ ನೆರವಿಗೆ ಬಂತು.

ಬಾಬರಿ ಮಸೀದಿ ಉರುಳಿದ ಮರುವರ್ಷ, 1993ರಲ್ಲಿ, ಮುಲಾಯಂ ಸಿಂಗ್ ಮತ್ತು ಕಾನ್ಶಿರಾಮ್ ಕೈಜೋಡಿಸಿದರು. ಬಿಜೆಪಿ 177ಕ್ಕೆ ನಿಂತಿತು. ಸಮಾಜವಾದಿಗಳಿಗೆ 109, ಬಿಎಸ್‌ಪಿಗೆ 67. ಮುಸ್ಲಿಮರು ಹರ್ಷಿಸಿದರು. ಆದರೆ ಹಳ್ಳಿಯಲ್ಲಿ ಯಾದವ ಮಾಲೀಕನಿಗೂ ದಲಿತ ಕೂಲಿಗೂ ಇದ್ದ ವೈಷಮ್ಯವನ್ನು ಲಕ್ನೋದ ಹಸ್ತಲಾಘವ ಅಳಿಸಲಿಲ್ಲ. ಕೂಲಿಯ ಜಗಳ, ಅಂಬೇಡ್ಕರ್ ಪ್ರತಿಮೆಯ ಜಗಳ ನಡೆದೇ ಇದ್ದವು. 1995ರ ಜೂನ್ 2ರಂದು ಅತಿಥಿಗೃಹದಲ್ಲಿ ಮಾಯಾವತಿಯವರ ಮೇಲೆ ದಾಳಿಯಾಯಿತು. ಮರುದಿನ ಅವರು ಬಿಜೆಪಿ ಬೆಂಬಲದಿಂದ ಮುಖ್ಯಮಂತ್ರಿ.

ನಮ್ಮವರು ಇದನ್ನು ದ್ರೋಹವೆಂದರು. 2002ರಲ್ಲಿ, ಗುಜರಾತಿನ ಹತ್ಯಾಕಾಂಡ ನಡೆದ ವರ್ಷವೇ, ಮಾಯಾವತಿ ಅಲ್ಲಿ ಬಿಜೆಪಿ ಪರ ಪ್ರಚಾರಕ್ಕೆ ಹೋದಾಗ ಆ ಮಾತು ಗಟ್ಟಿಯಾಯಿತು. ಆ ಪ್ರಚಾರವನ್ನು ನಾನು ಸಮರ್ಥಿಸಲಾರೆ. ಆದರೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. 1995ರ ಜೂನ್ 2ರ ರಾತ್ರಿ ಆಕೆಯ ಪರವಾಗಿ ಎಷ್ಟು ಮುಸ್ಲಿಂ ನಾಯಕರು ಬೀದಿಗೆ ಬಂದರು? ದಲಿತರು ನಮ್ಮೊಡನೆ ಸೇರಿ ಇಂಥವರನ್ನು ಸೋಲಿಸುವರೇ ಎಂದು ನಾವು ಪ್ರತಿ ಚುನಾವಣೆಯಲ್ಲೂ ಕೇಳಿದ್ದೇವೆ. ದಲಿತರಿಗೆ ಏನು ಬೇಕು ಎಂದು ಕೇಳಿದ್ದು ಕಡಿಮೆ. ನಮ್ಮನ್ನು ಇತರ ಪಕ್ಷಗಳು ಮತಗಳ ಗಂಟೆಂದು ಎಣಿಸಿದರೆ ಕೋಪ ಬರುತ್ತದೆ. ಅದೇ ಎಣಿಕೆಯನ್ನು ನಾವು ದಲಿತರ ಮೇಲೆ ನಡೆಸಿದ್ದೇವೆ. ಇಸ್ಲಾಮಿನ ಸಮಾನತೆಯ ಮಾತು ವೇದಿಕೆಯಲ್ಲಿ ಇರುತ್ತದೆ, ಬೀದಿಯ ಸಫಾಯಿ ಕಾರ್ಮಿಕನ ಮನೆಯ ಮದುವೆಗೆ ಹೋಗಿ ಊಟ ಮಾಡಿದವರು ಎಷ್ಟು ಮಂದಿ?

ಇದು ಬರೀ ಉತ್ತರದ ಕಥೆಯಲ್ಲ. 1994ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಬಿಎಸ್‌ಪಿಗೆ ಸಿಕ್ಕಿದ್ದು ಒಂದೇ ಸ್ಥಾನ, ಬೀದರ್. ಗೆದ್ದವರು ಸೈಯದ್ ಜುಲ್ಫೇಕರ್ ಹಾಶ್ಮಿ. ದಲಿತರ ಪಕ್ಷ ನಮ್ಮ ನಾಡಿನಲ್ಲಿ ಖಾತೆ ತೆರೆದದ್ದು ಮುಸ್ಲಿಂ ಶಾಸಕನ ಮೂಲಕ! 1999ರಲ್ಲಿ ಆ ಖಾತೆ ಮುಚ್ಚಿತು. 2018ರಲ್ಲಿ ಕೊಳ್ಳೇಗಾಲದಲ್ಲಿ ಎನ್. ಮಹೇಶ್ ಗೆಲ್ಲುವವರೆಗೆ ಮತ್ತೆ ತೆರೆಯಲಿಲ್ಲ, ಅವರೂ ಪಕ್ಷದಲ್ಲಿ ಉಳಿಯಲಿಲ್ಲ. ಬೀದರಿನ ಆ ಗೆಲುವಿನ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ಬರಬೇಕಿತ್ತು.

2007ರಲ್ಲಿ ಮಾಯಾವತಿ ಬ್ರಾಹ್ಮಣರಿಗೂ ಧಾರಾಳ ಟಿಕೆಟ್ ಕೊಟ್ಟು 403ರಲ್ಲಿ 206 ಗೆದ್ದರು. ಸ್ವಂತ ಮತ ಗಟ್ಟಿಯಿದ್ದವರಿಗೆ ಮಾತ್ರ ಇತರರನ್ನು ಕರೆಯುವ ಶಕ್ತಿ ಇರುತ್ತದೆಂದು ಅದು ತೋರಿಸಿತು. 2017ರಲ್ಲಿ ಸುಮಾರು ನೂರು ಮುಸ್ಲಿಮರಿಗೆ ಟಿಕೆಟ್ ಕೊಟ್ಟರು, ಗೆದ್ದದ್ದು ಒಟ್ಟು 19. ಅಷ್ಟರಲ್ಲಿ ಜಾಟವೇತರ ದಲಿತರಲ್ಲಿ ಹಲವರು ಬಿಜೆಪಿಯತ್ತ ಹೊರಳಿದ್ದರು. 2022ರಲ್ಲಿ ಬಿಎಸ್‌ಪಿಗೆ ಉಳಿದದ್ದು ಒಂದು ಸ್ಥಾನ.

ನಡುವೆ ಇನ್ನೊಂದು ಮುಳ್ಳಿದೆ. ಮುಸ್ಲಿಮರು ಹೆಚ್ಚಿರುವ ಹಲವು ಕ್ಷೇತ್ರಗಳು ಪರಿಶಿಷ್ಟರಿಗೆ ಮೀಸಲಾಗಿವೆ ಎಂದು ಸಾಚಾರ್ ಸಮಿತಿ 2006ರಲ್ಲೇ ಗಮನಿಸಿತ್ತು. ಅಂಥ ಕಡೆ ನಮ್ಮವರಲ್ಲಿ ಅಸಮಾಧಾನ ಇರುವುದು ಸಹಜ. ಬಿಜನೌರ್ ಜಿಲ್ಲೆಯ ನಗೀನಾ ಅಂಥದ್ದೊಂದು ಲೋಕಸಭಾ ಕ್ಷೇತ್ರ. 2024ರಲ್ಲಿ ಅಲ್ಲಿ ದೊಡ್ಡ ಪಕ್ಷಗಳ ಆಸರೆಯಿಲ್ಲದೆ ನಿಂತ ಚಂದ್ರಶೇಖರ್ ಆಝಾದ್ ಗೆದ್ದರು. ಮುಸ್ಲಿಮರ ಮತವಿಲ್ಲದೆ ಅದು ಆಗುತ್ತಿರಲಿಲ್ಲ. ಅದೇ ಚುನಾವಣೆಯಲ್ಲಿ ಅಯೋಧ್ಯೆ ಸೇರಿರುವ ಫೈಝಾಬಾದ್‌ನಲ್ಲಿ ಸಮಾಜವಾದಿ ಪಕ್ಷ ಪಾಸಿ ಸಮುದಾಯದ ಅವಧೇಶ್ ಪ್ರಸಾದ್ ಅವರನ್ನು ನಿಲ್ಲಿಸಿತು. ಅವರು 54,567 ಮತಗಳ ಅಂತರದಿಂದ ಗೆದ್ದರು. ಆ ಕ್ಷೇತ್ರವೂ ಅಲೀಗಢದಂತೆ ಮೀಸಲು ಕ್ಷೇತ್ರವಲ್ಲ.