ಬ್ರಹ್ಮಗಿರಿಯ ಶಿಲಾಸಮಾಧಿಗಳು ಮತ್ತು ಅರಸುತನದ ಪ್ರಶ್ನೆ

ಕೋಲಾರ ಸೀಮೆಯ ಬಂಡೆನೆಲದಲ್ಲಿ ಬೃಹತ್ ಶಿಲಾಸಮಾಧಿಗಳು ಅಪರೂಪವಲ್ಲ. ನರಸಾಪುರ, ಮಾಲೂರುಗಳ ನೆರೆಯ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಎಂ. ಶೇಷಾದ್ರಿಯವರು 1957ರಲ್ಲಿ ಇಂತಹ ಸಮಾಧಿಗಳ ಉತ್ಖನನ ನಡೆಸಿದರು. ಅದರ ವರದಿ 1960ರಲ್ಲಿ ಪ್ರಕಟವಾಯಿತು. ಜನರ ಬಾಯಲ್ಲಿ ಇಂಥವು ಪಾಂಡವರ ಮನೆ, ಮೋರಿಯರ ಮನೆ. ವಿದ್ವಾಂಸರಲ್ಲಿಯೂ ದೊಡ್ಡ ಶಿಲಾವೃತ್ತವನ್ನು ಕಂಡೊಡನೆ ಅದು ಯಾವನೋ ಅರಸನದಿರಬೇಕೆಂಬ ಊಹೆ ಸುಲಭವಾಗಿ ನುಸುಳುತ್ತದೆ. ಈ ಊಹೆಗೆ ಆಧಾರವೆಷ್ಟೆಂಬುದನ್ನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಸಾಕ್ಷ್ಯದಿಂದ ಪರಿಶೀಲಿಸಬಹುದು.

ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನವನ್ನು ಗುರುತಿಸಿದರು. ಎಂ.ಎಚ್. ಕೃಷ್ಣ ಅವರ ಅಗೆತದ ನಂತರ, 1947ರಲ್ಲಿ ಮಾರ್ಟಿಮರ್ ವೀಲರ್ ಸ್ತರಕ್ರಮವನ್ನು ಅನುಸರಿಸಿ ಇಲ್ಲಿ ಉತ್ಖನನ ನಡೆಸಿದರು. ಅವರು ತೆರೆದ ಹತ್ತು ಸಮಾಧಿಗಳಲ್ಲಿ ಆರು ಶಿಲಾಕೋಣೆಗಳು, ನಾಲ್ಕು ಗುಂಡಿವೃತ್ತಗಳು. ಕೋಣೆಯ ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದ ಆಕಾರದಲ್ಲಿ, ಒಂದು ಇನ್ನೊಂದಕ್ಕೆ ಒತ್ತುಕೊಡುವಂತೆ ನಿಲ್ಲಿಸಲಾಗಿತ್ತು. ಹೊರಗಿನ ಮಣ್ಣಿನ ಭಾರಕ್ಕೆ ಅವು ಒಳಕ್ಕೆ ಕುಸಿಯದಿರಲು ಇದೊಂದು ಜಾಣ ಉಪಾಯ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಒಳಗೆ ಕಪ್ಪು-ಕೆಂಪು ದ್ವಿವರ್ಣದ ಮಡಕೆಗಳು, ಕಬ್ಬಿಣದ ಉಪಕರಣಗಳು ಮತ್ತು ಬಿಡಿಬಿಡಿಯಾದ ಮೂಳೆಗಳು. ಗುಂಡಿವೃತ್ತಗಳಲ್ಲಿ ಮೂಳೆಗಳು ಸಿಗಲಿಲ್ಲ. ಶವವನ್ನು ಮೊದಲು ಗುಂಡಿಯಲ್ಲಿ ತೆರೆದಿಟ್ಟು, ಮಾಂಸ ಕಳೆದ ಮೇಲೆ ಮೂಳೆಗಳನ್ನು ಆಯ್ದು ಕೋಣೆಗೆ ಸಾಗಿಸುತ್ತಿದ್ದಿರಬಹುದೆಂದು ವೀಲರ್ ಸೂಚಿಸಿದರು.

ಒಂದು ಸಮಾಧಿಯಲ್ಲಿ 33 ಚಿನ್ನದ ಮಣಿಗಳು, 2 ಕಲ್ಲಿನ ಮಣಿಗಳು, 4 ತಾಮ್ರದ ಬಳೆಗಳು ಹಾಗೂ ಒಂದು ಶಂಖ ದೊರೆತವು. ಬೇರೆ ಕೆಲವರ ಪಾಲಿಗೆ ಬಂದದ್ದು ಕೆಲವೇ ಮಡಕೆಗಳು. ಸತ್ತವರ ನಡುವೆ ಅಂತಸ್ತಿನ ಭೇದವಿತ್ತೆನ್ನಲು ಇಷ್ಟು ಸಾಕು. ಅರಸನಿದ್ದನೆನ್ನಲು ಸಾಲದು. ಚಪ್ಪಡಿ ಸೀಳಿ, ಎಳೆದು ತಂದು ನಿಲ್ಲಿಸಲು ಹಲವು ಕೈಗಳು ಬೇಕು, ನಿಜ. ಆದರೆ ಅವನ್ನು ಕೂಡಿಸುವುದು ಅರಸನ ಅಪ್ಪಣೆಯೇ ಆಗಬೇಕಿಲ್ಲ, ಕುಲದ ಕಟ್ಟಳೆಯೂ ಆಗಬಹುದು. ಒಂದೇ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳಿರುವುದು ಈ ಎರಡನೆಯ ಸಾಧ್ಯತೆಯತ್ತಲೇ ಬೆರಳು ತೋರುತ್ತದೆ.

ನಿಜವಾದ ರಾಜಸಮಾಧಿ ಹೇಗಿರುತ್ತದೆಂಬುದಕ್ಕೆ ಚೀನಾದ ಆನ್ಯಾಂಗ್ ಒಳ್ಳೆಯ ಹೋಲಿಕೆ. ಅಲ್ಲಿ 1976ರಲ್ಲಿ ಝೆಂಗ್ ಝೆನ್‌ಶ್ಯಾಂಗ್ ಎಂಬ ಪುರಾತತ್ತ್ವಜ್ಞೆ, ಶಾಂಗ್ ದೊರೆ ವೂ ಡಿಂಗನ ರಾಣಿ ಫೂ ಹಾವೊಳ ಸಮಾಧಿಯನ್ನು ತೆರೆದರು. ಕಾಲ ಸುಮಾರು ಕ್ರಿ.ಪೂ. 1200. ಕಂಚಿನ ವಸ್ತುಗಳು 468, ಜೇಡ್ ಶಿಲೆಯ ವಸ್ತುಗಳು 755, ಜೊತೆಗೆ ಬಲಿಯಾದ 16 ಮನುಷ್ಯರು. ರಾಣಿಯ ದೇಹ ಕರಗಿಹೋಗಿತ್ತು. ಆದರೂ ಸಂದೇಹಕ್ಕೆ ಎಡೆಯಿರಲಿಲ್ಲ: ಕಂಚಿನ ಪಾತ್ರೆಗಳ ಮೇಲೆ ಅವಳ ಹೆಸರಿತ್ತು, ಶಕುನದ ಮೂಳೆಗಳ ಬರಹಗಳಲ್ಲಿ ಅವಳು ನಡೆಸಿದ ಯುದ್ಧಗಳ ಪ್ರಸ್ತಾಪವೂ ಇತ್ತು. ಅಲ್ಲಿ ಅರಸುತನವನ್ನು ಸ್ಥಾಪಿಸಿದ್ದು ಸಂಪತ್ತೊಂದೇ ಅಲ್ಲ, ಬರಹ.

ಬ್ರಹ್ಮಗಿರಿಯಲ್ಲಿಯೂ ಬರಹವಿದೆ. ಅಶೋಕನ ಶಾಸನ ಇಸಿಲದ ಮಹಾಮಾತ್ರರನ್ನು ಹೆಸರಿಸುತ್ತದೆ. ಸಮಾಧಿಗಳ ಬಗ್ಗೆ ಮಾತಿಲ್ಲ. ವೀಲರ್ ಈ ಸಂಸ್ಕೃತಿಗೆ ಕೊಟ್ಟ ಕಾಲ ಸುಮಾರು ಕ್ರಿ.ಪೂ. 200ರಿಂದ ಕ್ರಿ.ಶ. ಮೊದಲನೆಯ ಶತಮಾನದ ಮಧ್ಯಭಾಗ, ಅಂದರೆ ಶಾಸನದ ನಂತರ. ಆದರೆ ಎಂ.ಎಸ್. ನಾಗರಾಜರಾವ್ ಅವರು ಅಗೆಸಿದ ಹಳ್ಳೂರಿನ ಇಂಗಾಲ ಕಾಲನಿರ್ಣಯಗಳು ಕರ್ನಾಟಕದ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದ ಮೇಲೆ ವೀಲರರ ಚೌಕಟ್ಟು ನಿಲ್ಲಲಿಲ್ಲ. ಹೀಗಾಗಿ, ಈ ಬಗೆಯ ಸಮಾಧಿಗಳನ್ನು ಮೌರ್ಯರ ಆಡಳಿತದ ನೆರಳಿನಲ್ಲಿ ಬೆಳೆದ ಪಾಳೆಯಗಾರಿಕೆಯ ಕುರುಹೆಂದು ಓದುವುದು ಕಷ್ಟ.

ಇದರ ಪರಿಣಾಮ ಕೋಲಾರದ ಕಡೆಗೂ ತಟ್ಟುತ್ತದೆ. ನರಸಾಪುರದ ಸುತ್ತಿನ ಹೊಲಗದ್ದೆಗಳು ಈ ಶತಮಾನದಲ್ಲಿ ಕೈಗಾರಿಕಾ ಪ್ರದೇಶವಾಗಿ ಮಾರ್ಪಟ್ಟಿವೆ. ಹೆಸರಿಲ್ಲದ ಸಮಾಧಿಗೆ ಅದರ ಇರುವಿಕೆಯ ಕ್ರಮವೇ ಏಕೈಕ ದಾಖಲೆ: ಕಂಡಿ ಯಾವ ದಿಕ್ಕಿಗಿದೆ, ಯಾವ ಮೂಳೆ ಯಾವ ಮಡಕೆಯ ಬಳಿಯಿದೆ, ಗುಂಡಿಯನ್ನು ಎಷ್ಟು ಸಲ ತೆರೆದು ಮುಚ್ಚಲಾಗಿದೆ. ನೆಲ ಸಮತಟ್ಟು ಮಾಡುವ ಯಂತ್ರ ಒಮ್ಮೆ ಹಾಯ್ದರೆ ಕಲ್ಲುಗಳನ್ನು ಮತ್ತೆ ವೃತ್ತಾಕಾರವಾಗಿ ಜೋಡಿಸಬಹುದು. ಒಳಗಿನ ಮಣ್ಣಿನ ಪದರಗಳನ್ನು ಜೋಡಿಸಲಾಗದು.