ಕೂಸಿನ ಬಾಯಿಂದ ಹೇಳುಸಿದ ‘ಅಕ್ಕು’

ನಮ್ಮೋರಲ್ಲಿ ಮದುವೆ ಮಾತುಕತೆ ಹೇಳಿರೆ ಜಾತಕ ಕೂಡಿತ್ತೋ, ಗೋತ್ರ ಏವುದು, ತೋಟ ಎಷ್ಟಿದ್ದು, ಮಾಣಿಗೆ ಎಲ್ಲಿ ಕೆಲಸ ಹೇಳಿ ಹತ್ತು ವಿಷಯ ಕೇಳ್ತವು. ಎಲ್ಲ ಆದ ಮತ್ತೆ ಅಕೇರಿಗೆ ಕೂಸಿನ ಹತ್ರೆ, “ಎಂತ ಮಗಳೇ, ಅಕ್ಕಲ್ದಾ?” ಹೇಳಿ ಒಂದು ಮಾತು. ಅದು ತಲೆ ತಗ್ಗುಸಿ ನಿಂದರೂ ಒಪ್ಪಿಗೆ, ಸುತ್ತ ಕೂದೋರ ಮೋರೆ ನೋಡಿ ‘ಅಕ್ಕು’ ಹೇಳಿರೂ ಒಪ್ಪಿಗೆ. ಹಾಂಗೆ ಬಂದ ‘ಅಕ್ಕು’ವಿಂಗೆ ಬೆಲೆ ಎಷ್ಟು? 900 ವರ್ಷ ಹಿಂದೆ ಇಂಗ್ಲೆಂಡಿನ ಒಂದು ಕೂಸು ಇದೇ ಪ್ರಶ್ನೆಗೆ ಜೀವ ಪಣಕ್ಕೆ ಮಡುಗಿ ಉತ್ತರ ಕೊಟ್ಟಿದು. ಆ ಶುದ್ದಿ ಇಂದು ಹೇಳ್ತೆ.

ಅದರ ಹೆಸರು ತಿಯೊಡೋರ. ಸುಮಾರು 1096ರ ಹೊತ್ತಿಂಗೆ ಹಂಟಿಂಗ್‌ಡನ್ ಹೇಳ್ತ ಪೇಟೆಲಿ ಹುಟ್ಟಿದ್ದು. ಅಪ್ಪ ಔಟಿ, ಅಬ್ಬೆ ಬಿಯಾಟ್ರಿಕ್ಸ್. 1066ರಲ್ಲಿ ಫ್ರಾನ್ಸಿನ ಹೊಡೆಂದ ಬಂದ ನಾರ್ಮನ್ನರು ಇಂಗ್ಲೆಂಡಿನ ಗೆದ್ದ ಮತ್ತೆ ಅಲ್ಯಾಣ ಹಳೇ ಮನೆತನಂಗೊ ಸುಮಾರು ಕೆಳ ಬಿದ್ದವು. ಇವು ಮಾಂತ್ರ ಪೈಸೆ, ಮರ್ಯಾದೆ ಎರಡನ್ನೂ ಒಳುಶಿಗೊಂಡಿತ್ತಿದ್ದವು. ಚುರುಕಿನ ಕೂಸು, ಒಳ್ಳೆ ಸಂಬಂಧಕ್ಕೆ ಕೊಟ್ಟರೆ ಮನೆಗೇ ಬಲ ಹೇಳಿ ಹೆರಿಯೋರ ಲೆಕ್ಕ. ಆದರೆ ಕೂಸಿನ ಮನಸ್ಸಿಲಿ ಬೇರೆಯೇ ಇತ್ತು. ಸಣ್ಣಾಗಿಪ್ಪಗ ಅಪ್ಪ-ಅಬ್ಬೆಯೊಟ್ಟಿಂಗೆ ಸೇಂಟ್ ಆಲ್ಬನ್ಸಿನ ದೊಡ್ಡ ಮಠಕ್ಕೆ ಹೋಗಿತ್ತಿದ್ದು. ಮದುವೆ ಆವುತ್ತಿಲ್ಲೆ, ದೇವರ ಸೇವೆಲಿ ಇರ್ತೆ ಹೇಳಿ ಹರಕ್ಕೆ ಹೊತ್ತು, ಬಾಗಿಲಿಲಿ ಉಗುರಿಲಿ ಒಂದು ಶಿಲುಬೆ ಗೀರಿಕ್ಕಿ ಬಂತಡ.

ಪ್ರಾಯ 16ರ ಹತ್ರೆ ಅಪ್ಪಗ ಡರ್ಹಮಿನ ಬಿಷಪ್ ರಾನುಲ್ಫ್ ಫ್ಲಾಂಬಾರ್ಡ್ ಇವರ ಮನೆಗೆ ಬಂದ. ಅರಸನ ಹತ್ರೆ ಭಾರೀ ಅಧಿಕಾರ ನೆಡೆಶಿದ ಜನ. ಈ ಕೂಸಿನ ಚಿಕ್ಕಮ್ಮನ ಮದಲು ಮಡಿಕ್ಕೊಂಡೂ ಇತ್ತಿದ್ದ. ಇರುಳು ಕೂಸು ತನ್ನ ಕೋಣೆಗೆ ಬಪ್ಪ ಹಾಂಗೆ ಮಾಡಿ ಅದರ ಹಿಡುದ. ಬೊಬ್ಬೆ ಹಾಕಿರೆ ಉಪಕಾರ ಇಲ್ಲೆ ಹೇಳಿ ಅದಕ್ಕೆ ಗೊಂತಾತು. ಒಪ್ಪಿದ ಹಾಂಗೆ ಮಾಡಿ, ಬಾಗಿಲಿಂಗೆ ಚಿಲಕ ಹಾಕಿಕ್ಕಿ ಬತ್ತೆ ಹೇಳಿ ಎದ್ದತ್ತು. ಹೆರ ಹೋಗಿ, ಹೆರಂದಲೇ ಚಿಲಕ ಹಾಕಿಕ್ಕಿ ಓಡಿತ್ತು!

ಆ ಅವಮಾನಕ್ಕೆ ಬಿಷಪ್ಪ ತೀರುಸಿದ ಸೇಡೇ ಮದುವೆ. ಬರ್ತ್‌ರೆಡ್ ಹೇಳ್ತ ಒಳ್ಳೆ ಮನೆತನದ ಮಾಣಿಯ ಎಬ್ಬುಸಿ ಕೂಸು ಕೇಳ್ಲೆ ಕಳುಸಿದ. ಅಪ್ಪ-ಅಬ್ಬೆ ಕೊಶಿಲಿ ಒಪ್ಪಿದವು, ಕೂಸು ಬೇಡ ಹೇಳಿತ್ತು. ಒಂದು ವರ್ಷದಷ್ಟು ಮನೆಲಿ ಅದೇ ಪಾರಾಯಣ. ಉಡುಗೊರೆ ಕೊಟ್ಟವು, ಮುದ್ದು ಮಾಡಿದವು, ಹೆದರುಸಿದವು. ಚೆಂಙಾಯಿ ಕೂಸೊಂದರ ಕೈಲಿ ಮದುವೆ ಸುಖದ ಬಗ್ಗೆ ಕೆಮಿಲಿ ಹೇಳುಸಿದವು. ಅಕೇರಿಗೆ ಒಂದು ದಿನ ಇಗರ್ಜಿಲಿ ಎಲ್ಲೋರೂ ನಾಲ್ಕು ಹೊಡೆಂದ ಒತ್ತುವಗ ಅದರ ಬಾಯಿಂದ ‘ಅಕ್ಕು’ ಬಂತು. ನಿಶ್ಚಯ ಆತು. ಮತ್ತಾಣ ಕಷ್ಟ ಪೂರಾ ಆ ಒಂದು ಮಾತಿನ ಹಿಡ್ಕೊಂಡೇ.

ಹೆತ್ತೋರೇ ಇರುಳು ಮಾಣಿಯ ಕೂಸಿನ ಕೋಣೆಗೆ ಬಿಟ್ಟವು. ಸುರುವಾಣ ಸರ್ತಿ ಅದು ಎಚ್ಚರಲ್ಲೇ ಇತ್ತು. ಅವನ ಕೂರ್ಸಿ, ಮದುವೆ ಆದರೂ ಬ್ರಹ್ಮಚರ್ಯಲ್ಲಿದ್ದ ಸೇಂಟ್ ಸಿಸಿಲಿಯನ ಕತೆ ಹೇಳಿತ್ತು. ಮಾಣಿ ಕೇಳಿಕ್ಕಿ ಎದ್ದು ಹೋದ. ಎರಡ್ನೇ ಸರ್ತಿ ಗೋಡೆಗೂ ಪರದೆಗೂ ಎಡೆಕ್ಕಿಲಿ ಒಂದು ಆಣಿಯ ಹಿಡ್ಕೊಂಡು, ಕಾಲು ಕಾಂಬಲಾಗ ಹೇಳಿ ಮೇಲೆ ಎಳಕ್ಕೊಂಡು ನೇತುಗೊಂಡಿತ್ತು. ಮೂರ್ನೇ ಸರ್ತಿ ಬೇಲಿ ಹಾರಿ ಓಡಿತ್ತು.

ಎನಗೆ ಹೆಚ್ಚು ಬೇಜಾರಪ್ಪದು ಅಬ್ಬೆಯ ಕತೆ ಓದುವಗ. ಬಿಯಾಟ್ರಿಕ್ಸ್ ಅದರ ತಲೆಕಸವು ಹಿಡುದು ಎಳದು, ಕೈ ಸೋಲುವಷ್ಟು ಬಡುದತ್ತಡ. ಬೆನ್ನಿನ ಆ ಕಲೆ ಜೀವಮಾನಲ್ಲಿ ಮಾಸಿದ್ದಿಲ್ಲೆ. ಎಂತಕೆ ಅಷ್ಟು ಕೋಪ? ಊರಿನ ಮಠದ ಮುಖ್ಯಸ್ಥನ ಎದುರು ಅಪ್ಪ ಔಟಿ ಸೀದಾ ಹೇಳಿದ್ದ: ಮಗಳಿಂಗೆ ಒತ್ತಾಯ ಮಾಡಿದ್ದಪ್ಪು, ಆದರೆ ಇದರ ಹಠಕ್ಕೆ ಬಿಟ್ಟರೆ ನೆರೆಕರೆಯೋರು ನೆಗೆ ಮಾಡುಗು ಹೇಳಿ. ಲಿಂಕನಿನ ಬಿಷಪ್ ರಾಬರ್ಟ್ ಬ್ಲೋಯೆಟ್ ಸುರುವಿಂಗೆ ಕೂಸಿನ ಮಾತೇ ಸರಿ ಹೇಳಿದ. ಔಟಿ ಪೈಸೆ ಕೊಟ್ಟ ಮತ್ತೆ ತೀರ್ಪು ಬದಲಿತ್ತು.

ಅಂಬಗ ಕೂಸು ಮನೆ ಬಿಡ್ಲೆ ಹೆರಟತ್ತು. ಈಡ್ವಿನ್ ಹೇಳ್ತ ಸನ್ಯಾಸಿ ಸಹಾಯ ಮಾಡಿದ. ಅಪ್ಪ-ಅಬ್ಬೆ ಮನೆಲಿಲ್ಲದ್ದ ದಿನ, ಉದ್ದದ ಮೇಲಂಗಿಯ ಒಳ ಗೆಂಡುಮಕ್ಕಳ ಅಂಗಿ ಹುಗ್ಗುಸಿಗೊಂಡು ಹೋಪಗ ಅಂಗಿಯ ಕೈ ಜಾರಿ ಹೆರ ಕಂಡತ್ತು. ಒಟ್ಟಿಂಗಿದ್ದ ಒಡಹುಟ್ಟಿದ ಕೂಸು ಅದೆಂತ ಕೇಳಿತ್ತು. ಇದು ಎಂತದೋ ಹೇಳಿ ಮಾತು ತೇಲುಸಿತ್ತು. ಮತ್ತೆ, ಅಪ್ಪಂಗೆ ಪೆಟ್ಟಿಗೆಂದ ಎಂತಾರು ತೆಗವಲಿದ್ದರೆ ತೊಂದರೆ ಅಪ್ಪಲಾಗ ಹೇಳಿ ಬೀಗದ ಕೈಯ ಅದರ ಹತ್ರೆ ಕೊಟ್ಟಿಕ್ಕಿ ಹೋತು. ಓಡಿ ಹೋಪಗಳೂ ಮನೆವಾರ್ತೆ ಮರದ್ದಿಲ್ಲೆ, ನೋಡಿ! ಮತ್ತೆ ಗೆಂಡುಮಕ್ಕಳ ಹಾಂಗೆ ಕುದುರೆ ಹತ್ತಿ, 30 ಮೈಲಿಂದಲೂ ಹೆಚ್ಚು ದೂರದ ಫ್ಲಾಮ್‌ಸ್ಟೆಡ್ಡಿಂಗೆ ಎತ್ತಿತ್ತು.

ಅಲ್ಲಿ ತಪಸ್ಸಿಲಿಪ್ಪ ಆಲ್ಫ್‌ವೆನ್ ಹೇಳ್ತ ಹೆಮ್ಮಕ್ಕೊ ಅದರ 2 ವರ್ಷ ಹುಗ್ಗುಸಿ ಮಡಿಕ್ಕೊಂಡವು. ಮತ್ತೆ 4 ವರ್ಷ ಮಾರ್ಕ್‌ಯೇಟಿಲಿ, ರೋಜರ್ ಹೇಳ್ತ ವಯಸ್ಸಾದ ಸನ್ಯಾಸಿಯ ಆಶ್ರಯಲ್ಲಿ. ಒಂದೂವರೆ ಗೇಣಿನಷ್ಟು ಇಟ್ಟೆಡೆ ಜಾಗೆ, ಕೂಪಲೆ ಒಂದು ಕಲ್ಲು. ಬಾಗಿಲಿಂಗೆ ಅಡ್ಡ ಮಡುಗಿದ ಮರದ ದಿಮ್ಮಿಯ ಒಳಂದ ನೂಕುಲೆ ಎಡಿಯ. ಹೊತ್ತೋಪಗ ರೋಜರ್ ಬಂದು ತೆಗದರೆ ಮಾಂತ್ರ ಹೆರ. ಹೆಮ್ಮಕ್ಕೊ ನಾವು ರಜಾ ಆಲೋಚನೆ ಮಾಡೆಕ್ಕು: ದೇಹಬಾಧೆಗೂ ಕಸ್ತಲೆ ಅಪ್ಪನ್ನಾರ ಕಾಯೆಕ್ಕು!

ಅಕೇರಿಗೆ ಬರ್ತ್‌ರೆಡ್ಡೇ ಬಂದು, ಎನಗೆ ಅದರ ಮೇಲೆ ಹಕ್ಕಿಲ್ಲೆ ಹೇಳಿ ಬಿಟ್ಟುಕೊಟ್ಟ. ಯಾರ್ಕಿನ ಆರ್ಚ್‌ಬಿಷಪ್ ಥರ್ಸ್ಟನ್ ಆ ಮದುವೆಯ ರದ್ದು ಮಾಡುಸಿದವು. ಕ್ರಿಸ್ಟಿನ ಹೇಳ್ತ ಹೊಸ ಹೆಸರಿನ ಆ ಕೂಸು 1131ರ ಸುಮಾರಿಂಗೆ ದೀಕ್ಷೆ ತೆಕ್ಕೊಂಡತ್ತು. 1145ರಲ್ಲಿ ಮಾರ್ಕ್‌ಯೇಟಿಲಿ ಸನ್ಯಾಸಿನಿಯರ ಮಠ ಆತು, ಇದೇ ಅದರ ಮುಖ್ಯಸ್ಥೆ. ಸೂಜಿ ಕೆಲಸಲ್ಲಿ ಎಷ್ಟು ಹುಷಾರು ಹೇಳಿರೆ, ಅದು ಕಸೂತಿ ಹಾಕಿದ ಕಿರೀಟ, ಪಾದರಕ್ಷೆಗೊ ಪೋಪ್ 4ನೇ ಏಡ್ರಿಯನ್‌ಗೆ ಉಡುಗೊರೆಯಾಗಿ ರೋಮಿಂಗೆ ಹೋತು. ಸೇಂಟ್ ಆಲ್ಬನ್ಸಿನ ಒಬ್ಬ ಸನ್ಯಾಸಿ ಅದರ ಜೀವನಚರಿತ್ರೆ ಬರದ ಕಾರಣ ಇದೆಲ್ಲ ನವಗೆ ಗೊಂತಿಪ್ಪದು.

ಅದೇ ಕಾಲಲ್ಲಿ, 1140ರ ಸುಮಾರಿಂಗೆ, ಇಟೆಲಿಯ ಗ್ರೇಶಿಯನ್ ಚರ್ಚಿನ ಕಾನೂನುಗಳ ಒಟ್ಟು ಮಾಡುವಗ, ಹೆಣ್ಣಿನ ಸ್ವಂತ ಇಷ್ಟ ಇಲ್ಲದ್ದೆ ಅದರ ಆರಿಂಗೂ ಮದುವೆ ಮಾಡಿ ಕೊಡ್ಲಾಗ ಹೇಳಿ ಬರದ. ಕಾನೂನು ಪುಸ್ತಕಲ್ಲಿ ಬಂತು, ಆದರೆ ಮನೆಯೊಳಾಣ ಪೆಟ್ಟು ಅಷ್ಟು ಬೇಗ ನಿಂದಿದಿಲ್ಲೆ. ಕ್ರಿಸ್ಟಿನಂಗೆ ಹೇಳ್ಲೆ ದೇವರ ಹರಕ್ಕೆ ಹೇಳ್ತ ಒಂದು ಕಾರಣ ಆದರೂ ಇತ್ತು. ಬರೇ ‘ಎನಗೆ ಮನಸ್ಸಿಲ್ಲೆ’ ಹೇಳಿದ್ದರೆ ಆರು ಕೇಳ್ತವು? ನಮ್ಮ ಮಕ್ಕೊಗೆ ಆ ಮಾತೇ ಸಾಕು ಹೇಳಿ ಆಯೆಕ್ಕು.

ಮನೆಲಿ ಕೂಸಿಂಗೆ ಸಂಬಂಧ ನೋಡುವೋರಿದ್ದರೆ ಎನ್ನದೊಂದು ಮಾತು. ನೆಂಟ್ರ ಎದುರು ಕೇಳೆಡಿ. ಅಡಿಗೆ ಒಳ ಒಟ್ಟಿಂಗೆ ಕೆಲಸ ಮಾಡಿಗೊಂಡಿಪ್ಪಗ, ಆರೂ ಇಲ್ಲದ್ದ ಹೊತ್ತಿಲಿ ಕೇಳಿ. ಬೇಡ ಹೇಳಿರೆ ವರ್ಷ ಇಡೀ ಪಾರಾಯಣ ಮಾಡೆಡಿ. ಔಟಿ ಹೆದರಿದ ನೆರೆಕರೆಯೋರು ಇದ್ದವನ್ನೇ, ನಮ್ಮ ಊರಿಲಿ ಅದು ನಾವೇ. ಮತ್ತೊಬ್ಬರ ಮನೆಯ ಕೂಸು ಸಂಬಂಧ ಬೇಡ ಹೇಳಿತ್ತಡ ಹೇಳ್ತ ಶುದ್ದಿ ಬಂದರೆ, ಜಗಲಿಲಿ ಕೂದು ಅದರ ದೊಡ್ಡ ಮಾಡದ್ದೆ ಬಿಡುವೊ.